ಶ್ಯಾವಿಗೆ ಗಿಡ ಸುಕ್ಕಾಗುತ್ತಿದೆ, ನೀರು ಹಾಕಿದಷ್ಟೂ ಜಾಸ್ತಿ ಆಗುತ್ತಿದೆ

ಪೂರ್ವದ ಬಾಲ್ಕನಿ, ಬನಶಂಕರಿ (ಜೂನ್ 14)

ಎಲ್ಲರಿಗೂ ನಮಸ್ಕಾರ. ಮಾರ್ಚ್‌ನಲ್ಲಿ ಇಲ್ಲೇ ಬೆಂಗಳೂರಿನ ಸಿದ್ದಾಪುರದ ನರ್ಸರಿ ಸಾಲಿಗೆ ಹೋಗಿದ್ದಾಗ ಒಂದು ನೇತಾಡುವ ಗಿಡ ತಂದೆ. ಕುಂಡದ ಸುತ್ತ ಹಸಿರು ಶ್ಯಾವಿಗೆ ಇಳಿಬಿಟ್ಟ ಹಾಗಿತ್ತು. ಎಲೆ ಇಲ್ಲ, ಮುಳ್ಳೂ ಇಲ್ಲ. ಹೆಸರು ಕೇಳಿದರೆ "ಹ್ಯಾಂಗಿಂಗ್ ಕ್ಯಾಕ್ಟಸ್ ಮೇಡಂ" ಅಂದರು, ಅಷ್ಟೇ. ಆಮೇಲೆ ಹುಡುಕಿದಾಗ ರಿಪ್ಸಾಲಿಸ್ ಅಂತ ಗೊತ್ತಾಯಿತು. ಮನೆಯಲ್ಲಿ ಮಗಳು ಶ್ಯಾವಿಗೆ ಗಿಡ ಅಂತ ನಾಮಕರಣ ಮಾಡಿದ್ದಾಳೆ.

ತಂದ ವಾರವೇ ದೊಡ್ಡ ಕುಂಡಕ್ಕೆ ಹಾಕಿದೆ. ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ, ಸ್ವಲ್ಪ ಮರಳು. ಇದೇ ಮಣ್ಣಿನಲ್ಲಿ ನನ್ನ ಗುಲಾಬಿ, ದಾಸವಾಳ ಸೊಗಸಾಗಿವೆ. ಏಪ್ರಿಲ್‌ವರೆಗೆ ಇದೂ ಚೆನ್ನಾಗಿಯೇ ಇತ್ತು. ಈಗ ದಂಟುಗಳು ತೆಳ್ಳಗಾಗಿ, ಉದ್ದಕ್ಕೂ ಗೆರೆ ಬಿದ್ದಿವೆ. ನೀರು ಸಾಲದು ಅಂತ ದಿನಾ ಬೆಳಿಗ್ಗೆ ಒಂದು ಚೊಂಬು ಹಾಕಲು ಶುರು ಮಾಡಿದೆ. ಇನ್ನೂ ಸುಕ್ಕಾಯಿತು. ನಿನ್ನೆ ಒಂದು ದಂಟು ಮುಟ್ಟಿದರೆ ಬುಡದಿಂದ ಕಳಚಿ ಕೈಗೇ ಬಂತು. ಏನು ಮಾಡಲಿ?

ಸುಮ್ನೆ ಓದುಗ (ಜೂನ್ 14)

ಕಳ್ಳಿಗೆ ದಿನಾ ಒಂದು ಚೊಂಬು ನೀರಾ? ತಿಂಗಳಿಗೊಮ್ಮೆ ಸಾಕು. ತೆಗೆದು ಟೆರೇಸ್ ಮೇಲೆ ಬಿಸಿಲಿಗೆ ಇಡಿ, ಸರಿಹೋಗುತ್ತದೆ.

ಇದ್ದಿಲು ಚೂರು, ಬಸವನಗುಡಿ (ಜೂನ್ 14)

ಬಿಸಿಲಿಗೆ ಮಾತ್ರ ಇಡಬೇಡಿ ಮೇಡಂ. ಎರಡೇ ದಿನದಲ್ಲಿ ಬೆಂದುಹೋಗುತ್ತದೆ.

ಮೊದಲು ಒಂದು ಕೆಲಸ ಮಾಡಿ. ಮಣ್ಣಿನಲ್ಲಿ ಬೆರಳನ್ನು ಎರಡು ಗೆಣ್ಣು ಆಳಕ್ಕೆ ಇಳಿಸಿ ನೋಡಿ. ಕುಂಡವನ್ನು ಎತ್ತಿ ತೂಕ ನೋಡಿ. ಬುಡದ ತೂತಿನ ಹತ್ತಿರ ಮೂಗಿಟ್ಟು ವಾಸನೆ ನೋಡಿ. ದಂಟು ಸುಕ್ಕಾಗಿದೆ, ಮಣ್ಣು ಒಣಗಿದೆ ಅಂದರೆ ಅದು ಬಾಯಾರಿಕೆ. ದಂಟು ಸುಕ್ಕಾಗಿದೆ, ಮಣ್ಣು ಮಾತ್ರ ಒದ್ದೆ ಅಂದರೆ ಬೇರು ಹೋಗಿದೆ. ನೋಡೋಕೆ ಎರಡೂ ಒಂದೇ ತರ. ಅದಕ್ಕೇ ಎಲ್ಲರೂ ಮೋಸ ಹೋಗುವುದು.

ಪೂರ್ವದ ಬಾಲ್ಕನಿ (ಜೂನ್ 14)

ಮಣ್ಣು ಒದ್ದೆ ಇದೆ ಸರ್. ಕುಂಡ ಕಲ್ಲಿನ ಹಾಗೆ ಭಾರ. ವಾಸನೆ ಹೇಗಿದೆ ಅಂದರೆ, ಮಳೆಗಾಲದಲ್ಲಿ ಒಗೆದ ಬಟ್ಟೆಯನ್ನು ಬಕೆಟ್‌ನಲ್ಲೇ ಮರೆತರೆ ಬರುತ್ತದಲ್ಲ, ಹಾಗೆ.

ಇದ್ದಿಲು ಚೂರು (ಜೂನ್ 14)

ಹಾಗಾದರೆ ಬೇರು ಕೊಳೆತಿದೆ. ಬೇರು ಇಲ್ಲದೆ ಗಿಡ ನೀರು ಕುಡಿಯುವುದು ಹೇಗೆ? ಅದಕ್ಕೇ ಸುಕ್ಕು. ಸುಕ್ಕು ಕಂಡು ನೀವು ಇನ್ನಷ್ಟು ನೀರು ಹಾಕಿದಿರಿ. ಹೊಟ್ಟೆ ಕೆಟ್ಟವನಿಗೆ ಹೋಳಿಗೆ ಬಡಿಸಿದ ಹಾಗಾಯಿತು. ಬೇಜಾರು ಮಾಡಿಕೊಳ್ಳಬೇಡಿ, ನಾನೂ ಮೊದಲ ಗಿಡವನ್ನು ಹೀಗೇ ಕೊಂದವನು.

ಇವತ್ತೇ ಕುಂಡದಿಂದ ಬಿಡಿಸಿ. ಪೇಪರ್ ಹಾಸಿಕೊಂಡು, ಮಣ್ಣು ಉದುರಿಸಿ ನೋಡಿ. ಏನು ಕಂಡಿತು ಹೇಳಿ.

ಹಳೇ ಮಲ್ಲೇಶ್ವರ (ಜೂನ್ 14)

ನನಗೆ ಎಪ್ಪತ್ತೆರಡು ವರ್ಷ. ನಮ್ಮ ಬ್ರಹ್ಮಕಮಲ ನಲವತ್ತು ವರ್ಷದಿಂದ ಕೆಮ್ಮಣ್ಣಿನಲ್ಲೇ ಇದೆ, ಹಳೇ ಬಕೆಟ್‌ನಲ್ಲಿ. ಅದೂ ಕಳ್ಳಿ ಜಾತಿಯೇ ಅಂತಾರೆ. ಅದಕ್ಕೆ ಇದೆಲ್ಲ ಉಪಚಾರ ಏನೂ ಇಲ್ಲಪ್ಪ. ಹೂ ಬಿಟ್ಟ ರಾತ್ರಿ ಅಕ್ಕಪಕ್ಕದವರನ್ನು ಕರೆದು, ದೀಪ ಹಚ್ಚಿ, ಕಾಫಿ ಕೊಟ್ಟು ಕಳಿಸುತ್ತೇವೆ. ಹನ್ನೆರಡು ಗಂಟೆಗೆ ಪೂರ್ತಿ ಅರಳಿರುತ್ತದೆ. ಬೆಳಿಗ್ಗೆ ನೋಡಿದರೆ ಕೋಳಿ ಕತ್ತಿನ ಹಾಗೆ ಜೋತುಬಿದ್ದಿರುತ್ತದೆ.

ಇದ್ದಿಲು ಚೂರು (ಜೂನ್ 14)

ಅಮ್ಮಾ, ನೀವು ಹೇಳಿದ್ದು ಸರಿ. ಬ್ರಹ್ಮಕಮಲ ಇದಕ್ಕೆ ಹತ್ತಿರದ ನೆಂಟನೇ. ಆದರೆ ಅದರ ಬೇರು ಗಟ್ಟಿ, ಗಿಡ ದೊಡ್ಡದು, ಕುಡಿಯುವ ನೀರೂ ಜಾಸ್ತಿ. ನಿಮ್ಮ ಬಕೆಟ್ ಬುಡದಲ್ಲಿ ಬಿರುಕು ಬಿಟ್ಟಿರಬೇಕು ಅಲ್ವಾ? ಅದೇ ಅದನ್ನು ಕಾಪಾಡಿರುವುದು.

ಹಳೇ ಮಲ್ಲೇಶ್ವರ (ಜೂನ್ 14)

ಬಿರುಕಲ್ಲ, ಬುಡವೇ ಇಲ್ಲ! ನೆಲದ ಮೇಲೆ ಕೂತಿದೆ. ಬೇರು ಅಂಗಳದೊಳಕ್ಕೆ ಇಳಿದುಬಿಟ್ಟಿದೆ.

ಪೂರ್ವದ ಬಾಲ್ಕನಿ (ಜೂನ್ 15)

ಬಿಡಿಸಿದೆ. ಬರೆಯೋಕೂ ಸಂಕಟ ಆಗುತ್ತಿದೆ.

ಕುಂಡ ತಲೆಕೆಳಗು ಮಾಡಿದರೆ ಮಣ್ಣು ಕೇಕಿನ ಹಾಗೆ ಒಂದೇ ಮುದ್ದೆಯಾಗಿ ಬಿತ್ತು. ಹೊರಗಿನ ಮಣ್ಣಿನಲ್ಲಿ ಒಂದು ಬೇರೂ ಇರಲಿಲ್ಲ. ಮುದ್ದೆ ಒಡೆದರೆ ನಡುವೆ ನರ್ಸರಿಯ ಹಳೇ ನಾರಿನ ಉಂಡೆ ಹಾಗೇ ಕೂತಿತ್ತು, ನೀರು ಕುಡಿದ ಸ್ಪಂಜಿನ ತರ. ಬೇರುಗಳೆಲ್ಲ ಅದರೊಳಗೇ. ಕಂದು ಬಣ್ಣ. ಒಂದನ್ನು ಹಿಡಿದು ಎಳೆದರೆ ಮೇಲಿನ ಸಿಪ್ಪೆ ಜಾರಿ ಕೈಗೆ ಬಂತು, ಒಳಗೆ ಕೂದಲಿನಂಥ ಎಳೆ ಮಾತ್ರ ಉಳಿಯಿತು. ಮಗಳು ನೋಡಿ "ಅಮ್ಮಾ, ಇದು ಹೋಯ್ತಾ?" ಅಂದಳು.

ದಂಟಿನ ತುದಿಗಳು ಮಾತ್ರ ಇನ್ನೂ ಹಸಿರಾಗಿವೆ.

ಇದ್ದಿಲು ಚೂರು (ಜೂನ್ 15)

ತುದಿ ಹಸಿರಿದ್ದರೆ ಹೋಗಿಲ್ಲ ಅಂತ ಮಗಳಿಗೆ ಹೇಳಿ. ಈ ಗಿಡ ಬುಡದಿಂದ ಸಾಯುತ್ತದೆ, ತುದಿಯಿಂದ ಹುಟ್ಟುತ್ತದೆ. ಹಳೇ ಬುಡದ ಆಸೆ ಬಿಡಿ. ತುಂಡುಗಳಿಂದ ಹೊಸ ಗಿಡ ಮಾಡೋಣ.

ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಿಕೊಳ್ಳಿ. ದಂಟನ್ನು ಬುಡದ ಕಡೆಯಿಂದ ಕತ್ತರಿಸುತ್ತಾ ಬನ್ನಿ. ಕತ್ತರಿಸಿದ ಮುಖದ ನಡುವೆ ಕಂದು ಚುಕ್ಕೆ ಕಂಡರೆ ಇನ್ನೂ ಮೇಲೆ ಕತ್ತರಿಸಿ. ಮುಖ ಪೂರ್ತಿ ಸ್ವಚ್ಛ ಹಸಿರು ಬರುವವರೆಗೆ ನಿಲ್ಲಿಸಬೇಡಿ. ಇಲ್ಲಿ ಕನಿಕರ ತೋರಿಸಿದರೆ ಕೊಳೆ ಹೊಸ ಕುಂಡಕ್ಕೂ ಬರುತ್ತದೆ. ಉಳಿದಿದ್ದನ್ನು ಅರ್ಧ ಗೇಣಿನ ತುಂಡು ಮಾಡಿ. ಗೆಣ್ಣಿನಲ್ಲಿ ಕೈಯಿಂದ ಮುರಿದರೂ ಆಗುತ್ತದೆ, ಲಟಕ್ಕನೆ ಬಿಡುತ್ತದೆ.

ತುಂಡುಗಳನ್ನು ನೆರಳಿನಲ್ಲಿ, ಪೇಪರ್ ಮೇಲೆ, ಮೂರು ದಿನ ಸುಮ್ನೆ ಬಿಡಿ. ಕತ್ತರಿಸಿದ ಜಾಗ ಒಣಗಿ ಮುಚ್ಚಿಕೊಳ್ಳಬೇಕು. ಆಮೇಲೆ ಒಂದೇ ಸಣ್ಣ ಕುಂಡದಲ್ಲಿ ಹತ್ತು ಹನ್ನೆರಡು ತುಂಡು, ಒಂದಿಂಚು ಆಳಕ್ಕೆ ನೆಡಿ. ಒಂದೊಂದೇ ನೆಟ್ಟರೆ ತುಂಬಿಕೊಳ್ಳೋಕೆ ವರ್ಷಗಟ್ಟಲೆ ಬೇಕು. ನೆಟ್ಟು ನಾಲ್ಕು ದಿನ ನೀರು ಬೇಡ. ಆಮೇಲೆ ಸ್ಪ್ರೇ ಬಾಟಲಿಯಲ್ಲಿ ಮೇಲುಮೇಲೆ ನೀರು ಚಿಮುಕಿಸಿ. ಮೂರು ನಾಲ್ಕು ವಾರದಲ್ಲಿ ಬೇರು ಬರುತ್ತದೆ. ಹಿಡಿದಿದೆಯಾ ಅಂತ ದಿನಾ ಎಳೆದು ನೋಡಬೇಡಿ!

ಹಳೇ ಮಲ್ಲೇಶ್ವರ (ಜೂನ್ 15)

ಕತ್ತರಿಸಿದ ಜಾಗಕ್ಕೆ ಅರಿಶಿನ ಹಚ್ಚಮ್ಮ.

ಇದ್ದಿಲು ಚೂರು (ಜೂನ್ 15)

ಹಚ್ಚಿದರೆ ತೊಂದರೆ ಇಲ್ಲ. ಆದರೆ ಕೆಲಸ ಮಾಡುವುದು ಆ ಮೂರು ದಿನದ ಒಣಗಿಸುವಿಕೆ. ಅರಿಶಿನ ಹಚ್ಚಿ ಕೂಡಲೇ ಒದ್ದೆಯಲ್ಲಿ ನೆಟ್ಟರೆ ಅರಿಶಿನದ ಸಮೇತ ಕೊಳೆಯುತ್ತದೆ.

ಪೂರ್ವದ ಬಾಲ್ಕನಿ (ಜೂನ್ 15)

ಹಾಗಾದರೆ ಯಾವುದರಲ್ಲಿ ನೆಡಲಿ? ಕೆಮ್ಮಣ್ಣು ಬೇಡವೇ ಬೇಡವಾ? ಕುಂಡದ ಬುಡಕ್ಕೆ ಜಲ್ಲಿ ಹಾಕಲಾ?

ಇದ್ದಿಲು ಚೂರು (ಜೂನ್ 15)

ಕೆಮ್ಮಣ್ಣು ಒಂದು ಚಮಚವೂ ಬೇಡ. ನಮ್ಮೂರಿನ ಕೆಮ್ಮಣ್ಣು ಹೊಲಕ್ಕೆ ಚಿನ್ನ, ನೇತಾಡುವ ಕುಂಡಕ್ಕೆ ಸಿಮೆಂಟು. ನಾಲ್ಕು ಸಲ ನೀರು ಬಿದ್ದರೆ ಗಟ್ಟಿಯಾಗಿ ಕೂತುಬಿಡುತ್ತದೆ. ಗಾಳಿ ಆಡಲ್ಲ. ಈ ಬೇರಿಗೆ ನೀರಿನಷ್ಟೇ ಗಾಳಿ ಬೇಕು.

ನಾನು ಹಾಕುವುದು ಇಷ್ಟೇ. ಎರಡು ಪಾಲು ತೆಂಗಿನಕಾಯಿ ಸಿಪ್ಪೆಯ ತುಂಡು, ಕಡಲೆಬೀಜದಿಂದ ಅಡಿಕೆಯ ಗಾತ್ರದವರೆಗೆ. ಒಂದು ಪಾಲು ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ. ಒಂದು ಪಾಲು ಇದ್ದಿಲು ಚೂರು. ಇಸ್ತ್ರಿ ಅಂಗಡಿಯವರು ಮರದ ಇದ್ದಿಲು ಇಟ್ಟಿದ್ದರೆ ಒಂದು ಹಿಡಿ ಕೇಳಿ, ಕೊಡುತ್ತಾರೆ. ಇದ್ದಿಲು ಸಿಗದಿದ್ದರೆ ಸಿಂಡರ್ (ಕಲ್ಲಿದ್ದಲು ಉರಿದು ಉಳಿದ ಚೂರು) ಅಥವಾ ಇಟ್ಟಿಗೆ ಚೂರು. ಮೇಲೆ ಒಂದು ಹಿಡಿ ಎರೆಗೊಬ್ಬರ. ಕೈಯಲ್ಲಿ ಹಿಡಿದು ಹಿಂಡಿ ಬಿಟ್ಟರೆ ಉಂಡೆ ಕಟ್ಟಬಾರದು, ಅವಲಕ್ಕಿ ಒಗ್ಗರಣೆಯ ತರ ಉದುರು ಉದುರಾಗಿ ಬೀಳಬೇಕು.

ಸಿಪ್ಪೆ, ಕೊಕೊಪೀಟ್ ಎರಡನ್ನೂ ಒಂದು ದಿನ ನೆನೆಸಿ, ಎರಡು ಮೂರು ಸಲ ನೀರು ಬದಲಾಯಿಸಿ. ಅದರಲ್ಲಿ ಉಪ್ಪಿನಂಶ ಇರುತ್ತದೆ. ಆ ನೀರು ಟೀ ಡಿಕಾಕ್ಷನ್ ಬಣ್ಣಕ್ಕೆ ಬರುತ್ತದೆ. ಬಣ್ಣ ತಿಳಿಯಾಗುವವರೆಗೆ ತೊಳೆಯಿರಿ.

ಜಲ್ಲಿ ವಿಷಯ. ತೂತಿನ ಮೇಲೆ ಒಂದು ಹೆಂಚಿನ ಚೂರು ಅಥವಾ ಸೊಳ್ಳೆಪರದೆ ತುಂಡು ಸಾಕು. ಬುಡದಲ್ಲಿ ದಪ್ಪಗೆ ಜಲ್ಲಿ ಹಾಕಿದರೆ ನೀರು ಬೇಗ ಇಳಿಯುತ್ತದೆ ಅಂತ ನಮ್ಮ ನಂಬಿಕೆ. ನಿಜದಲ್ಲಿ ಮಣ್ಣಿನ ಕೊನೆಯ ಪದರ ನೀರನ್ನು ಹಿಡಿದುಕೊಂಡೇ ಇರುತ್ತದೆ. ಜಲ್ಲಿ ಹಾಕಿದರೆ ಆ ಒದ್ದೆ ಪದರ ಎರಡಿಂಚು ಮೇಲಕ್ಕೆ, ಬೇರಿನ ಹತ್ತಿರಕ್ಕೆ ಬರುತ್ತದೆ ಅಷ್ಟೇ. ಕುಂಡವೂ ಸಣ್ಣದಿರಲಿ. ನಾಲ್ಕೈದು ಇಂಚು ಸಾಕು.

ಸುಮ್ನೆ ಓದುಗ (ಜೂನ್ 15)

ಕಳ್ಳಿಗೆ ಮರಳು ತಾನೇ ಹಾಕುವುದು? ತೆಂಗಿನ ಸಿಪ್ಪೆ ಅಂತೀರಿ, ಬಿಸಿಲು ಬೇಡ ಅಂತೀರಿ. ಇದು ಕಳ್ಳಿನಾ, ಆರ್ಕಿಡ್ಡಾ?

ಬಾಟನಿ ಮೇಷ್ಟ್ರು, ನಿವೃತ್ತ (ಜೂನ್ 16)

ಒಳ್ಳೆಯ ಪ್ರಶ್ನೆ. ಸಂಬಂಧದಲ್ಲಿ ಕಳ್ಳಿ, ಬದುಕಿನಲ್ಲಿ ಆರ್ಕಿಡ್.

ಕ್ಯಾಕ್ಟಸ್ ಅಂದಕೂಡಲೇ ನಮಗೆ ಮರುಭೂಮಿ ನೆನಪಾಗುತ್ತದೆ. ಆದರೆ ಈ ಕುಟುಂಬದ ಒಂದು ದೊಡ್ಡ ಗುಂಪು ಮಳೆಕಾಡಿನದು. ರಿಪ್ಸಾಲಿಸ್‌ನ ಹೆಚ್ಚಿನ ಜಾತಿಗಳು ಬ್ರೆಜಿಲ್‌ನ ಅಟ್ಲಾಂಟಿಕ್ ಕರಾವಳಿಯ ಕಾಡಿನಲ್ಲಿವೆ. ನೆಲದಲ್ಲಿ ಅಲ್ಲ, ಮರದ ಕವಲಿನಲ್ಲಿ. ಅಲ್ಲಿ ಮಣ್ಣು ಅಂದರೆ ಕೊಳೆತ ಎಲೆ, ಪಾಚಿ, ತೊಗಟೆಯ ಪುಡಿ. ಮಳೆ ದಿನಾ ಬರುತ್ತದೆ, ಆದರೆ ನೀರು ನಿಲ್ಲುವುದಿಲ್ಲ. ಬಿಸಿಲು ಮೇಲಿನ ಎಲೆಗಳ ನಡುವೆ ಸೋಸಿ ಬರುತ್ತದೆ. ನಮ್ಮ ಮಲೆನಾಡಿನ ಮರಗಳ ಮೇಲೆ ಸೀತಾಳೆ ದಂಡೆ ಆರ್ಕಿಡ್ ಕೂತಿರುತ್ತದಲ್ಲ, ಅದೇ ಜಾಗ ಅಂದುಕೊಳ್ಳಿ.

ಇದರ ಹಣ್ಣು ಮುತ್ತಿನಂತೆ ಬಿಳಿ, ಒಳಗೆ ಅಂಟು. ನಮ್ಮ ಮಾವಿನ ಮರದ ಬದನಿಕೆಯ ಹಣ್ಣಿಗೂ ಹೀಗೇ ಅಂಟು. ಇಂಗ್ಲಿಷಿನವರು ಇದನ್ನು ಬದನಿಕೆ ಕಳ್ಳಿ ಅನ್ನುವ ಅರ್ಥದಲ್ಲೇ ಮಿಸಲ್‌ಟೋ ಕ್ಯಾಕ್ಟಸ್ ಅಂತ ಕರೆದರು. ವ್ಯತ್ಯಾಸ ಒಂದೇ. ಬದನಿಕೆ ಮರದ ರಸ ಹೀರುತ್ತದೆ. ಇದು ಸುಮ್ಮನೆ ಮರದ ಮೇಲೆ ಕೂರುತ್ತದೆ, ಬಾಡಿಗೆಯಿಲ್ಲದ ಬಾಡಿಗೆದಾರ.

ಇನ್ನೊಂದು ಸ್ವಾರಸ್ಯ. ಕ್ಯಾಕ್ಟಸ್ ಕುಟುಂಬದಲ್ಲಿ ಸಾವಿರದೈನೂರಕ್ಕೂ ಹೆಚ್ಚು ಜಾತಿಗಳಿವೆ. ಎಲ್ಲವೂ ಅಮೆರಿಕ ಖಂಡಗಳ ಮೂಲದವು. ನಮ್ಮ ಬೇಲಿಯ ಪಾಪಾಸುಕಳ್ಳಿ ಕೂಡ ಅಲ್ಲಿಂದ ಬಂದದ್ದೇ. ಇಡೀ ಕುಟುಂಬದಲ್ಲಿ ಒಂದೇ ಒಂದು ಜಾತಿಯನ್ನು ಅಮೆರಿಕದ ಆಚೆಯ ಕಾಡುಗಳಲ್ಲೂ ಸಹಜ ಗಿಡ ಅಂತ ಎಣಿಸುತ್ತಾರೆ: ರಿಪ್ಸಾಲಿಸ್ ಬ್ಯಾಕ್ಸಿಫೆರಾ. ಆಫ್ರಿಕಾ, ಮಡಗಾಸ್ಕರ್, ಶ್ರೀಲಂಕಾದಲ್ಲಿ ಇದೆ. ಹಕ್ಕಿ ಹೊತ್ತು ತಂದಿತೋ, ಹಡಗಿನವರು ತಂದರೋ ಅಂತ ಸಸ್ಯಶಾಸ್ತ್ರಜ್ಞರು ಇವತ್ತಿಗೂ ಜಗಳ ಆಡುತ್ತಾರೆ. ನಮ್ಮ ಬನಶಂಕರಿಯವರ ಗಿಡ ಅದೇ ಜಾತಿ ಇರಬೇಕು, ವಿವರ ಓದಿದರೆ ಹಾಗೆ ಕಾಣುತ್ತದೆ.

ಹಾಂ, ಬ್ರಹ್ಮಕಮಲದ ಬಗ್ಗೆ ಒಂದು ಮಾತು, ಅಮ್ಮನವರು ಬೇಸರ ಮಾಡಿಕೊಳ್ಳಬಾರದು. ನಮ್ಮ ಮನೆಗಳಲ್ಲಿ ರಾತ್ರಿ ಅರಳುವುದು ಮೆಕ್ಸಿಕೋ ಕಡೆಯ ಎಪಿಫಿಲ್ಲಮ್. ಹಿಮಾಲಯದ ಬ್ರಹ್ಮಕಮಲವೇ ಬೇರೆ, ಅದು ಉತ್ತರಾಖಂಡದ ರಾಜ್ಯಪುಷ್ಪ. ಅದು ಸೂರ್ಯಕಾಂತಿ ಕುಟುಂಬಕ್ಕೆ ಸೇರಿದ್ದು.

ಹಳೇ ಮಲ್ಲೇಶ್ವರ (ಜೂನ್ 16)

ಮೆಕ್ಸಿಕೋದಿಂದ ಬಂದರೂ ನಲವತ್ತು ವರ್ಷ ನಮ್ಮನೆಯಲ್ಲಿದೆ. ಈಗ ಅದು ಮಲ್ಲೇಶ್ವರದ್ದೇ. ದೀಪ ಹಚ್ಚುವುದಂತೂ ನಿಲ್ಲಿಸುವುದಿಲ್ಲ.

ಬೆಕ್ಕಿನ ಮನೆ, ರಾಜಾಜಿನಗರ (ಜೂನ್ 16)

ನನ್ನ ಹತ್ತಿರವೂ ಇದೇ ಗಿಡ ಇದೆ. ಹಸಿರು ಪೆನ್ಸಿಲ್ ಕಡ್ಡಿಗಳ ಪೊದೆ, ಎಲೆ ಇಲ್ಲ. ಒಂದು ಕಡ್ಡಿ ಮುರಿದು ನೆಡೋಣ ಅಂತ ಹೋದೆ, ಬಿಳಿ ಹಾಲು ಬಂತು. ಬೆಕ್ಕು ಇದನ್ನು ಕಚ್ಚುತ್ತದೆ, ಪರವಾಗಿಲ್ಲವಾ?

ಬಾಟನಿ ಮೇಷ್ಟ್ರು (ಜೂನ್ 16)

ನಿಲ್ಲಿ ನಿಲ್ಲಿ. ಹಾಲು ಬಂತು ಅಂದರೆ ಅದು ಕ್ಯಾಕ್ಟಸ್ ಅಲ್ಲವೇ ಅಲ್ಲ. ಅದು ಬೊಂತೆಗಳ್ಳಿ, ಹೆಸರಲ್ಲಿ ಕಳ್ಳಿ ಇದ್ದರೂ ಯುಫೋರ್ಬಿಯಾ ಅನ್ನುವ ಬೇರೆ ಗುಂಪು. ಆ ಹಾಲು ಕಣ್ಣಿಗೆ ಬಿದ್ದರೆ ಬಹಳ ಅಪಾಯ. ಚರ್ಮಕ್ಕೂ ಉರಿ. ಈಗಲೇ ಸೋಪು ಹಾಕಿ ಕೈ ತೊಳೆಯಿರಿ, ಕಣ್ಣು ಉಜ್ಜಬೇಡಿ. ಗಿಡವನ್ನು ಬೆಕ್ಕಿಗೆ ಸಿಗದ ಕಡೆ ಇಡಿ, ಅಥವಾ ಮನೆಯಿಂದಲೇ ಆಚೆ ಕಳಿಸಿ.

ರಿಪ್ಸಾಲಿಸ್ ಮುರಿದರೆ ನೀರಿನಂಥ ರಸ ಬರುತ್ತದೆ, ಹಾಲು ಬರುವುದಿಲ್ಲ. ದಂಟನ್ನು ಬೆಳಕಿಗೆ ಹಿಡಿದರೆ ಅಲ್ಲಲ್ಲಿ ಸಾಸಿವೆ ಕಾಳಿಗಿಂತ ಚಿಕ್ಕ ಚುಕ್ಕೆ, ಅದರಲ್ಲಿ ಒಂದೆರಡು ನವಿರು ಕೂದಲು ಕಾಣುತ್ತದೆ. ಹೂವು ಬರುವುದು ಅಲ್ಲಿಂದಲೇ. ಆ ಚುಕ್ಕೆ ಕ್ಯಾಕ್ಟಸ್‌ಗೆ ಮಾತ್ರ ಇರುವ ಗುರುತು. ರಿಪ್ಸಾಲಿಸ್ ಬೆಕ್ಕಿಗಾಗಲಿ ನಾಯಿಗಾಗಲಿ ವಿಷವಲ್ಲ.

ಬೆಕ್ಕಿನ ಮನೆ (ಜೂನ್ 16)

ಕೈ ತೊಳೆದೆ. ಗಿಡವನ್ನು ವಾಚ್‌ಮನ್ ಶೆಡ್ ಹಿಂದೆ ಕಾಂಪೌಂಡ್ ಪಕ್ಕ ಇಟ್ಟು ಬಂದೆ. ಮೈ ಜುಂ ಅಂತು. ಥ್ಯಾಂಕ್ಸ್ ಮೇಷ್ಟ್ರೇ.

14ನೇ ಮಹಡಿ, ವೈಟ್‌ಫೀಲ್ಡ್ (ಜೂನ್ 17)

ನನ್ನದು ಬೇರೆ ಸಮಸ್ಯೆ. ನನ್ನ ರಿಪ್ಸಾಲಿಸ್‌ಗೆ ಎರಡು ವರ್ಷ. ಮಿಶ್ರಣ ಎಲ್ಲ ಇದ್ದಿಲು ಸರ್ ಹೇಳಿದ ಹಾಗೇ ಇದೆ. ಆದರೂ ತುದಿಗಳು ಕಂದಾಗಿ ಒಣಗುತ್ತಿವೆ. ಕುಂಡದ ಅಂಚಿಗೆ ಬಿಳಿ ಪುಡಿ ಕಟ್ಟಿದೆ. 2024ರ ಬೇಸಿಗೆಯ ನೀರಿನ ತೊಂದರೆ ನೆನಪಿದೆಯಲ್ಲ, ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಮಾರ್ಚ್‌ನಲ್ಲಿ ಆದೇಶ ಮಾಡಿತ್ತು. ಆವಾಗಿಂದ ಆರ್‌ಓ ಫಿಲ್ಟರ್‌ನಿಂದ ಹೊರಹೋಗುವ ನೀರನ್ನು ಬಕೆಟ್‌ನಲ್ಲಿ ಹಿಡಿದು ಗಿಡಕ್ಕೆ ಹಾಕುವ ಅಭ್ಯಾಸ. ಅದೇ ತಪ್ಪಾ?

ಇದ್ದಿಲು ಚೂರು (ಜೂನ್ 17)

ಅದೇ ತಪ್ಪು. ಅಭ್ಯಾಸ ಒಳ್ಳೆಯದು, ಗಿಡ ಬೇರೆ ಆರಿಸಿಕೊಳ್ಳಿ. ಫಿಲ್ಟರ್ ಒಳ್ಳೆ ನೀರನ್ನು ನಿಮಗೆ ಕೊಟ್ಟು, ಉಪ್ಪನ್ನೆಲ್ಲ ಆ ಇನ್ನೊಂದು ಪೈಪಿಗೆ ತಳ್ಳುತ್ತದೆ. ನಿಮ್ಮ ಕಡೆ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರೇ ಗಡಸು. ಅದರ ಉಪ್ಪು ಇನ್ನೂ ಗಟ್ಟಿಯಾಗಿ ಬಂದಿರುತ್ತದೆ. ನೆಲ ಒರೆಸಿ, ಟಾಯ್ಲೆಟ್‌ಗೆ ಹಾಕಿ. ಮರದ ಮೇಲೆ ಬರೀ ಮಳೆನೀರು ಕುಡಿದು ಬೆಳೆಯುವ ಗಿಡಕ್ಕೆ ಅದು ಬೇಡ.

ಮಳೆನೀರು ಹಿಡಿಯಲು ಆದರೆ ಅದೇ ಅಮೃತ. ಎಸಿಯಿಂದ ತೊಟ್ಟಿಕ್ಕುವ ನೀರಿನಲ್ಲೂ ಉಪ್ಪು ಇರುವುದಿಲ್ಲ, ಧಾರಾಳವಾಗಿ ಹಾಕಿ. ಕಾವೇರಿ ನೀರು ಬರುವವರಿಗೆ ಅಷ್ಟು ತಲೆನೋವಿಲ್ಲ. ಈಗ ಮಳೆ ಬಂದ ದಿನ ಕುಂಡವನ್ನು ಹೊರಗೆ ಹಿಡಿದು, ಬುಡದಿಂದ ನೀರು ಧಾರಾಕಾರ ಹರಿಯುವವರೆಗೆ ಬಿಡಿ. ಕಟ್ಟಿದ ಉಪ್ಪು ತೊಳೆದುಹೋಗುತ್ತದೆ.

14ನೇ ಮಹಡಿ (ಜೂನ್ 17)

ಸರಿ ಸರ್. ಇನ್ನೊಂದು. ಪಾರಿವಾಳಗಳು ದಂಟು ಕಿತ್ತುಕೊಂಡು ಹೋಗಿ ಎಸಿ ಡಬ್ಬದ ಹಿಂದೆ ಗೂಡು ಕಟ್ಟುತ್ತಿವೆ. ಆ ಗೂಡಿನಲ್ಲಿ ಒಂದು ತುಂಡು ಬೇರು ಬಿಟ್ಟಿದೆ! ನಿಜವಾಗಲೂ. ನಾನು ನೆಟ್ಟಿದ್ದಕ್ಕಿಂತ ಚೆನ್ನಾಗಿದೆ.

ಬಾಟನಿ ಮೇಷ್ಟ್ರು (ಜೂನ್ 17)

ಕಡ್ಡಿ, ಹಿಕ್ಕೆ, ಗಾಳಿ, ನೆರಳು. ಅದಕ್ಕೆ ಬೇಕಾದ ಮರದ ಕವಲು ಅದೇ ತಾನೇ.

ಯಲಹಂಕ ಟೆರೇಸ್ (ಜೂನ್ 18)

ಎಲ್ಲರೂ "ನೆರಳು, ನೆರಳು" ಅಂತ ಬರೆಯುತ್ತಾರೆ. ಎಷ್ಟು ನೆರಳು? ನನ್ನದು ಉತ್ತರದ ಬಾಲ್ಕನಿ. ಚಳಿಗಾಲದಲ್ಲಿ ಒಂದು ಕಿರಣವೂ ಬೀಳಲ್ಲ, ಗಿಡ ಚೆನ್ನಾಗಿತ್ತು. ಮೇ ಬಂದಕೂಡಲೇ ದಂಟೆಲ್ಲ ಕೆಂಪಾಗಿ, ಆಮೇಲೆ ಹಳದಿಯಾಯಿತು. ಜಾಗ ಬದಲಿಸಿಲ್ಲ, ನೀರು ಬದಲಿಸಿಲ್ಲ.

ಬಾಟನಿ ಮೇಷ್ಟ್ರು (ಜೂನ್ 18)

ನೀವು ಬದಲಿಸಿಲ್ಲ, ಸೂರ್ಯ ಜಾಗ ಬದಲಿಸಿದ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ 24ರ ಆಸುಪಾಸು ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ. ಶೂನ್ಯ ನೆರಳಿನ ದಿನ ಅಂತ ಮಕ್ಕಳಿಗೆ ಶಾಲೆಯಲ್ಲಿ ತೋರಿಸುತ್ತಾರಲ್ಲ, ಅದು. ಅಲ್ಲಿಂದ ಆಗಸ್ಟ್ 18ರವರೆಗೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರದ ಕಡೆ ಇರುತ್ತಾನೆ. ಆ ನಾಲ್ಕು ತಿಂಗಳು ಉತ್ತರದ ಬಾಲ್ಕನಿಗೂ ಬಿಸಿಲು. ಚಳಿಗಾಲದಲ್ಲಿ ಅದೇ ಬಿಸಿಲು ದಕ್ಷಿಣದ ಬಾಲ್ಕನಿಯ ಒಳಗೆ ನುಗ್ಗುತ್ತದೆ.

ಇದ್ದಿಲು ಚೂರು (ಜೂನ್ 18)

ಮೇಷ್ಟ್ರು ಹೇಳಿದ್ದು ನನಗೂ ಹೊಳೆದಿರಲಿಲ್ಲ. ಮೇನಲ್ಲಿ ಹಸಿರು ಪರದೆ ಕಟ್ಟಿ, ಅಥವಾ ಒಂದು ಹೆಜ್ಜೆ ಒಳಗೆ ಸರಿಸಿ. ನನ್ನ ಅಳತೆ ಹೀಗಿದೆ: ಗಿಡದ ಜಾಗದಲ್ಲಿ ಕೂತು ಪ್ರಜಾವಾಣಿ ಓದಲು ಲೈಟ್ ಬೇಡ, ಟೋಪಿಯೂ ಬೇಡ ಅಂದರೆ ಅದು ಸರಿಯಾದ ಬೆಳಕು. ಬೆಳಗಿನ ಎಂಟು ಎಂಟೂವರೆವರೆಗಿನ ಎಳೆಬಿಸಿಲು ಬಿದ್ದರೆ ಒಳ್ಳೆಯದೇ. ದಂಟು ಕೆಂಪಾದರೆ ಬೆಳಕು ಹೆಚ್ಚು. ಹೊಸ ದಂಟು ನೂಲಿನಂತೆ ತೆಳ್ಳಗೆ, ಪೇಲವವಾಗಿ ಬಂದರೆ ಕಡಿಮೆ. ಟಿವಿ ಪಕ್ಕದ ಶೋಕೇಸ್ ಮೇಲೆ ಇಡುವವರಿಗೆ ಇದು ಅನ್ವಯಿಸುತ್ತದೆ!

ಸುಮ್ನೆ ಓದುಗ (ಜೂನ್ 18)

ಅಕ್ಕಿ ತೊಳೆದ ನೀರು ಹಾಕಬಹುದಾ? ನಮ್ಮನೆಯಲ್ಲಿ ಎಲ್ಲಾ ಗಿಡಕ್ಕೂ ಅದೇ.

ಇದ್ದಿಲು ಚೂರು (ಜೂನ್ 18)

ಓಹೋ, ನಿಮ್ಮನೆಯಲ್ಲೂ ಗಿಡ ಇದೆಯಾ! ನೆಲದ ಗಿಡಕ್ಕೆ ಹಾಕಿ. ಇದಕ್ಕೆ ಹಾಕಿದರೆ ಗಂಜಿ ಕೊಕೊಪೀಟ್‌ನಲ್ಲಿ ಹುಳಿಬಂದು ಸಣ್ಣ ಕಪ್ಪು ನೊಣ ಏಳುತ್ತವೆ. ಅವು ಕಾಫಿ ಲೋಟದಲ್ಲೂ ಬೀಳುತ್ತವೆ. ಗೊಬ್ಬರ ಬೇಕಾದರೆ 19:19:19 ಅಂತ ನೀರಿನಲ್ಲಿ ಕರಗುವ ಪುಡಿ ಸಿಗುತ್ತದೆ. ಲೀಟರಿಗೆ ಅರ್ಧ ಗ್ರಾಂ, ಹೊಸ ಚಿಗುರು ಬರುವ ಕಾಲದಲ್ಲಿ ಮಾತ್ರ, ಮೂರು ವಾರಕ್ಕೊಮ್ಮೆ. ಕೊಟ್ಟಿಗೆ ಗೊಬ್ಬರದಲ್ಲಿ ಗೊಣ್ಣೆಹುಳು ಬರುತ್ತದೆ, ಬೇಡ.

ಪೂರ್ವದ ಬಾಲ್ಕನಿ (ಜೂನ್ 19)

ಇಪ್ಪತ್ತಮೂರು ತುಂಡು ಸಿಕ್ಕಿತು. ಮೂರು ದಿನ ಊಟದ ಟೇಬಲ್ ಮೇಲೆ ಒಣಗಿಸಿದೆ. ನಮ್ಮತ್ತೆ ಬೀನ್ಸ್ ಅಂದುಕೊಂಡು ಎತ್ತಿ ಫ್ರಿಜ್‌ನಲ್ಲಿ ಇಡಲು ಹೊರಟಿದ್ದರು. ಇವತ್ತು ಎರಡು ಸಣ್ಣ ಕುಂಡದಲ್ಲಿ ನೆಟ್ಟೆ. ಕೊಕೊಪೀಟ್ ಮಾತ್ರ ಸರಿಯಾಗಿ ತೊಳೆಯಲಿಲ್ಲ, ಒಂದೇ ಸಲ ತೊಳೆದೆ.

ಪೂರ್ವದ ಬಾಲ್ಕನಿ (ಜೂನ್ 27)

ತೊಳೆಯಬೇಕಿತ್ತು. ಕುಂಡಕ್ಕೆ ನೀರು ಹಾಕಿದೆ, ಕಂದು ನೀರು ತೊಟ್ಟಿಕ್ಕಿ ಕೆಳಗಿನ ಮನೆ ಅಂಕಲ್‌ನ ಬಿಳಿ ಪಂಚೆ ಮೇಲೆ ಬಿತ್ತು. ಆಂಟಿ ಮೇಲೆ ಬಂದು, "ಕಾಫಿ ಚೆಲ್ಲಿದ್ರಾ?" ಅಂತ ಕೇಳಿದರು. ಗಿಡದ ನೀರು ಅಂದರೆ ನಂಬಲಿಲ್ಲ. ಕೆಳಗೆ ಸಿಕ್ಕಿಸುವ ತಟ್ಟೆ ಹಾಕಿಬಿಡಲಾ?

ಇದ್ದಿಲು ಚೂರು (ಜೂನ್ 27)

ತಟ್ಟೆ ಸಿಕ್ಕಿಸಿದರೆ ಮತ್ತೆ ಅದೇ ಕಥೆ. ನೀರು ನಿಲ್ಲುತ್ತದೆ, ಬೇರು ಕೊಳೆಯುತ್ತದೆ, ಮೇಲೆ ಡೆಂಗಿ ಸೊಳ್ಳೆ. ಕುಂಡವನ್ನು ಕೊಕ್ಕೆಯಿಂದ ಇಳಿಸಿ ಬಚ್ಚಲಿಗೆ ಒಯ್ಯಿರಿ. ಬಕೆಟ್ ನೀರಿನಲ್ಲಿ ಹತ್ತು ನಿಮಿಷ ಅದ್ದಿಡಿ, ಎತ್ತಿ ತೊಟ್ಟಿಕ್ಕುವುದು ನಿಲ್ಲುವವರೆಗೆ ಬಿಟ್ಟು, ವಾಪಸ್ ನೇತುಹಾಕಿ. ಆದರೆ ಇದು ಬೇರು ಬಂದ ಮೇಲೆ. ಈಗ ಸ್ಪ್ರೇ ಸಾಕು, ನೀರೇ ಹಾಕಬಾರದಿತ್ತು!

ಪೂರ್ವದ ಬಾಲ್ಕನಿ (ಜುಲೈ 20)

ಎಳೆದು ನೋಡಬೇಡಿ ಅಂದಿದ್ದಿರಿ. ನಾನು ನೋಡಲಿಲ್ಲ, ಮಗಳು ನೋಡಿದಳು. ತುಂಡಿನ ಬುಡದಲ್ಲಿ ಬೆಳ್ಳಗೆ ಅಕ್ಕಿ ನುಚ್ಚಿನಷ್ಟು ಉದ್ದದ ಬೇರು, ಮೂರು. ಹಾಗೇ ಚುಚ್ಚಿ ಇಟ್ಟೆವು. ಇಪ್ಪತ್ತಮೂರರಲ್ಲಿ ಹದಿನೇಳು ಗಟ್ಟಿಯಾಗಿವೆ. ಸುಕ್ಕು ಹೋಗಿ ದಂಟು ದುಂಡಗಾಗಿದೆ. ಆದರೆ ಒಂದೆರಡು ದಂಟಿನ ನಡುವೆಯೂ ಗಾಳಿಯಲ್ಲಿ ಬೇರು ಬಂದಿದೆ, ರೋಗವಾ?

ಇದ್ದಿಲು ಚೂರು (ಜುಲೈ 20)

ರೋಗ ಅಲ್ಲ, ಮಳೆಗಾಲದ ತೇವಕ್ಕೆ ಬರುತ್ತದೆ. ಹಿಡಿದುಕೊಳ್ಳಲು ಕೊಂಬೆ ಹುಡುಕುತ್ತಿದೆ ಪಾಪ. ಬಿಡಿ. ಗೆಣ್ಣುಗಳಲ್ಲಿ ಹತ್ತಿಯಂಥ ಬಿಳಿ ಕಂಡರೆ ಮಾತ್ರ ಹೇಳಿ. ಅದು ಹಿಟ್ಟು ತಿಗಣೆ. ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒಂದೊಂದೇ ಒರೆಸಬೇಕು. ಬೇವಿನ ಎಣ್ಣೆ ಸಿಂಪಡಿಸುವುದಾದರೆ ಸಂಜೆ ಹೊತ್ತು. ಬಿಸಿಲಲ್ಲಿ ಸಿಂಪಡಿಸಿದರೆ ದಂಟು ಹುರಿದುಹೋಗುತ್ತದೆ.

ಯಲಹಂಕ ಟೆರೇಸ್ (ನವೆಂಬರ್ 9)

ಹಳೇ ಚರ್ಚೆ ಮೇಲೆತ್ತುತ್ತಿದ್ದೇನೆ, ಕ್ಷಮಿಸಿ. ಇದರ ಇನ್ನೊಂದು ನೆಂಟ, ಕ್ರಿಸ್‌ಮಸ್ ಕ್ಯಾಕ್ಟಸ್. ಅಕ್ಕನ ಮನೆಯಲ್ಲಿ ಮೊಗ್ಗು ತುಂಬಿದೆ. ಅದೇ ಗಿಡದ ತುಂಡು ನನ್ನಲ್ಲಿ, ಮೂರು ವರ್ಷದಿಂದ ಒಂದು ಹೂ ಇಲ್ಲ.

ಬಾಟನಿ ಮೇಷ್ಟ್ರು (ನವೆಂಬರ್ 9)

ನಿಮ್ಮ ಟೆರೇಸ್ ಮೇಲೆ ರಾತ್ರಿ ಬೀದಿದೀಪದ ಬೆಳಕು ಬೀಳುತ್ತದಾ?

ಯಲಹಂಕ ಟೆರೇಸ್ (ನವೆಂಬರ್ 9)

ಬೀಳುತ್ತದೆ! ಹೊಸ ಎಲ್‌ಇಡಿ ಹಾಕಿದ ಮೇಲೆ ರಾತ್ರಿಯೂ ಹಗಲೇ.

ಬಾಟನಿ ಮೇಷ್ಟ್ರು (ನವೆಂಬರ್ 9)

ಆ ಗಿಡಕ್ಕೆ ಮೊಗ್ಗು ಕಟ್ಟಲು ರಾತ್ರಿ ಉದ್ದ ಇರಬೇಕು. ಹದಿಮೂರು ಹದಿನಾಲ್ಕು ಗಂಟೆ ಪೂರ್ತಿ ಕತ್ತಲೆ, ಐದಾರು ವಾರ. ನಡುವೆ ಬೆಳಕು ಬಿದ್ದರೆ ರಾತ್ರಿ ಆಗಲೇ ಇಲ್ಲ ಅಂದುಕೊಳ್ಳುತ್ತದೆ. ಸಂಜೆ ಆರಕ್ಕೆ ಒಂದು ರಟ್ಟಿನ ಪೆಟ್ಟಿಗೆ ಕವುಚಿ, ಬೆಳಿಗ್ಗೆ ಎಂಟಕ್ಕೆ ತೆಗೆಯಿರಿ. ಮೊಗ್ಗು ಕಂಡ ಮೇಲೆ ಜಾಗ ಬದಲಿಸಬೇಡಿ, ಉದುರಿಸಿಬಿಡುತ್ತದೆ.

ಹಳೇ ಮಲ್ಲೇಶ್ವರ (ನವೆಂಬರ್ 9)

ಕೋಳಿ ಮುಚ್ಚಿದ ಹಾಗೆ ಬುಟ್ಟಿ ಕವುಚಬೇಕು ಅನ್ನಿ.

ಬನಶಂಕರಿ ಮಗಳೇ, ನಿನ್ನ ಶ್ಯಾವಿಗೆ ಏನಾಯಿತಮ್ಮ?

ಪೂರ್ವದ ಬಾಲ್ಕನಿ (ನವೆಂಬರ್ 10)

ಚೆನ್ನಾಗಿದೆ ಅಮ್ಮ! ಎರಡು ಕುಂಡದಲ್ಲಿ ಒಂದು ನನ್ನದು, ಈಗ ಒಂದು ಗೇಣು ಇಳಿದಿದೆ. ಚಿಗುರು ಗಿಣಿ ಹಸಿರು. ಮಳೆ ಇದ್ದಾಗ ಹತ್ತು ದಿನಕ್ಕೊಮ್ಮೆ ಅದ್ದುತ್ತಿದ್ದೆ, ಈಗ ವಾರಕ್ಕೊಮ್ಮೆ. ಅದ್ದುವ ಮುಂಚೆ ಎತ್ತಿ ತೂಕ ನೋಡುವ ಕೆಲಸ ಮಗಳದ್ದು. "ಇನ್ನೂ ಭಾರ ಇದೆ, ಬೇಡ" ಅಂತ ಅವಳೇ ತೀರ್ಪು ಕೊಡುತ್ತಾಳೆ.

ಇನ್ನೊಂದು ಕುಂಡವನ್ನು ಪಂಚೆ ತಪ್ಪಿಗೆ ಕೆಳಗಿನ ಮನೆ ಆಂಟಿಗೆ ಕೊಟ್ಟೆ. ಬಚ್ಚಲಲ್ಲಿ ಅದ್ದಿ ಅಂತ ಹೇಳಿದ್ದೆ. ಅವರು ನೇತುಹಾಕಿದ ಕಡೆಯೇ ಚೊಂಬಲ್ಲಿ ಹಾಕುತ್ತಾರಂತೆ. ಇವತ್ತು ಬೆಳಿಗ್ಗೆ ಗ್ರೌಂಡ್ ಫ್ಲೋರ್‌ನವರು ಮೆಟ್ಟಿಲಲ್ಲಿ ಸಿಕ್ಕಿ, ಆಗ ತಾನೇ ತೊಳೆದಿದ್ದ ಕಾರಿನ ಮೇಲೆ ಕಾಫಿ ಚೆಲ್ಲಿದ್ದು ಯಾರು ಅಂತ ಕೇಳುತ್ತಿದ್ದರು.